ಕಿಟಕಿ ಬುಡದ ಪೇರಲಗಿಡ

ಶೋಭಾಳ ಮಾವ ವೀರಭದ್ರಪ್ಪನವರು ಲಿಂಗಸೂಗೂರಿನ ಕಡೆ ಸಂತೆಯಿಂದ ಸಂತೆಗೆ ತಿರುಗುತ್ತ ಎತ್ತಿನ ವ್ಯಾಪಾರ ಕುದುರಿಸಿಕೊಡುತ್ತಿದ್ದ ಮನುಷ್ಯ. ಒಂದು ಕಡೆ ಕೂತು ಗೊತ್ತಿದ್ದವರಲ್ಲ. ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಮಗ, ಶೋಭಾಳ ಗಂಡ ಮಲ್ಲಪ್ಪ ಅವರನ್ನು ಹೈದರಾಬಾದಿಗೆ ಕರೆತಂದ. ಕುಷಾಯಿಗೂಡದ ಮನೆಯ ಹಿಂದಿನ ಕೋಣೆ ಅವರದಾಯಿತು. ಕಿಟಕಿಯ ಹೊರಗೆ ಒಬ್ಬರು ಓಡಾಡುವಷ್ಟು ಮಣ್ಣಿನ ಜಾಗ, ಅದರಾಚೆ ಕಾಂಪೌಂಡು. ಹಗಲೆಲ್ಲ ಆ ಸಿಮೆಂಟು ನೋಡುತ್ತ ಮಲಗುವುದು ತನ್ನಿಂದಾಗದು, ಅಲ್ಲೊಂದು ಪೇರಲಗಿಡ ಹಚ್ಚಿರೆಂದು ಮುದುಕರು ಹಟ ಹಿಡಿದರು.

ಗೋಡೆಗೆ ಅಷ್ಟು ಹತ್ತಿರ ಬೇಡ, ಬಚ್ಚಲಿನ ಪೈಪು ಅಲ್ಲೇ ಹಾದುಹೋಗಿದೆ, ಗೇಟಿನ ಪಕ್ಕ ಹಚ್ಚೋಣ ಎಂದಳು ಶೋಭಾ.

"ಗೇಟಿನ ಮಗ್ಗಲಕ ಹಚ್ಚಿದ್ರ ನನಗೇನ್ ಕಾಣತೈತಿ?" ಎಂದರು ಅವರು.

ಅವಳಿಗೆ ವಾದಿಸುವ ತ್ರಾಣವಿರಲಿಲ್ಲ. ಮಲ್ಲಪ್ಪ ಸ್ಕೂಟರಿನ ಮೇಲೆ ಸಸಿ ತಂದ, ಕಿಟಕಿಯ ಬುಡದಲ್ಲಿ ನೆಟ್ಟ, ಕೈ ತೊಳೆದುಕೊಂಡು ಡ್ಯೂಟಿಗೆ ಹೋದ. ನೀರು ಹಾಕುವುದು ಶೋಭಾಳ ಪಾಲಿಗೆ ಬಂತು. ಅದು ಯಾರೂ ಹೇಳಿ ಬಂದ ಕೆಲಸವಲ್ಲ. ಆ ಮನೆಯಲ್ಲಿ ಯಾರೂ ಹೇಳದ ಕೆಲಸವೆಲ್ಲ ಅವಳದೇ.

ಅಕ್ಕಪಕ್ಕದ ಮನೆಗಳು ಒಡೆದು ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲ ಅದು. ಬೋರು ಬತ್ತಿತು, ನಳಕ್ಕೆ ದಿನ ಬಿಟ್ಟು ದಿನ ನೀರು. ಅಕ್ಕಿ, ಬೇಳೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೂಡಿಟ್ಟು ಅವಳು ಗಿಡಕ್ಕೆ ಹಾಕಿದಳು. ಗಿಡ ಕಿಟಕಿಯೆತ್ತರ ಬೆಳೆದು ಕಾಯಿ ಬಿಡುವ ಹೊತ್ತಿಗೆ ಮಗಳು ಅಪೂರ್ವ ಹೈಟೆಕ್ ಸಿಟಿಯ ಕಾಲ್ ಸೆಂಟರಿಗೆ ಸೇರಿದ್ದಳು. ಊರೆಲ್ಲ ಎದ್ದಾಗ ಕಂಪನಿಯ ಕ್ಯಾಬು ಅವಳನ್ನು ತಂದು ಬಿಡುತ್ತಿತ್ತು. ಗಂಡನದು ಕಾರ್ಖಾನೆಯಲ್ಲಿ ವಾರಕ್ಕೊಮ್ಮೆ ಬದಲಾಗುವ ಪಾಳಿ. ಮಾವನಿಗೆ ಹಗಲು, ರಾತ್ರಿ ಎರಡೂ ಒಂದೇ. ಒಬ್ಬರಿಗೆ ಡಬ್ಬಿ ಕಟ್ಟುವಾಗ ಇನ್ನೊಬ್ಬರಿಗೆ ಹಾಸಿಗೆ ಹಾಸಬೇಕು, ಅಷ್ಟರಲ್ಲಿ ಒಳಗಿನಿಂದ "ಶೋಭವ್ವಾ" ಎಂಬ ಕರೆ. ನಿದ್ದೆಗೆಂದು ಅವಳು ತಲೆ ಇಟ್ಟಲ್ಲೆಲ್ಲ ಯಾರಾದರೊಬ್ಬರು ಎಚ್ಚರವಾಗಿರುತ್ತಿದ್ದರು.

ಮೊದಲ ಹಣ್ಣನ್ನು ವೀರಭದ್ರಪ್ಪ ಸರಳುಗಳ ಸಂದಿಯಿಂದ ಎಡಗೈ ಚಾಚಿ ತಾವೇ ಹರಿದುಕೊಂಡರು. ಆ ದಿನ ಅವರ ಮುಖ ನೋಡಿ ಶೋಭಾಳಿಗೂ ಹಿತವೆನಿಸಿತ್ತು. ಆಮೇಲೆ ಟೊಂಗೆ ಹಿಡಿದು ಇರುವೆ ಹಾಸಿಗೆಗೆ ಬಂದವು. ಅಳಿಲು ಕಚ್ಚಿ ಬೀಳಿಸಿದ ಹಣ್ಣು ಕೊಳೆತು ನೊಣ ಮುತ್ತಿದವು. ಮಳೆಗಾಲದಲ್ಲಿ ಗೋಡೆ ಆರಲಿಲ್ಲ, ಗಿಲಾವು ಉಬ್ಬಿ ಉದುರಿತು, ಮುದುಕರಿಗೆ ಕೆಮ್ಮು ಹತ್ತಿತು. ಮಂಚವನ್ನು ಸರಿಸುವುದು, ಹಾಸಿಗೆ ಕೊಡವುವುದು, ಉದುರಿದ ಎಲೆ ಗುಡಿಸುವುದು. ಗಿಡ ತೆಗೆಸೋಣವೇ ಎಂದು ಅವಳು ಒಮ್ಮೆ ಕೇಳಿದ್ದಕ್ಕೆ ಮಲ್ಲಪ್ಪ, ಅಪ್ಪನಿಗೆ ಇರುವುದು ಅದೊಂದೇ, ಅದನ್ನೂ ಕಸಿಯುವುದೇ ಎಂದಿದ್ದ.

ಶ್ರಾವಣದ ಒಂದು ಬೆಳಗ್ಗೆ ಬಚ್ಚಲು ಕಟ್ಟಿಕೊಂಡು ಹೊಲಸು ನೀರು ಹಿಂದಿನ ಕೋಣೆಗೆ ನುಗ್ಗಿತು. ಪೈಪಿನೊಳಗೆ ಬೇರು ಹೊಕ್ಕಿತ್ತು. ಮಲ್ಲಪ್ಪ ಕಾರ್ಖಾನೆಯಲ್ಲಿದ್ದ, ಅಪೂರ್ವ ಆಗಷ್ಟೇ ಬಂದು ಮಲಗಿದ್ದಳು. ಶೋಭಾ ಸೀರೆ ಎತ್ತಿಕಟ್ಟಿ, ಮಗ್ಗಿನಿಂದ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲಿದಳು. ಚೆಲ್ಲಿದಷ್ಟೂ ಬಂತು. ಹಾಗೆ ಮೊಗೆಯುತ್ತಿದ್ದವಳು ಮಗ್ಗು ಕೈಬಿಟ್ಟು ಆ ನೀರಿನಲ್ಲೇ ಕೂತುಬಿಟ್ಟಳು.

ಮಂಚದ ಮೇಲಿಂದ ಮಾವ ನೋಡುತ್ತಿದ್ದರು. ಅವಳು ಕೂತದ್ದನ್ನು ಅವರು ಎಷ್ಟೋ ಸಲ ನೋಡಿದ್ದರು. ಏಳದೆ ಇದ್ದದ್ದನ್ನು ನೋಡಿದ್ದು ಅದೇ ಮೊದಲು.

"ಶೋಭವ್ವಾ, ಏನಾತು?"

"ಏಳಾಕ ಆಗವಲ್ದರಿ ಮಾವಾರ" ಎಂದಳು ಅವಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಮುದುಕರು ಕಿಟಕಿಯಾಚೆಯ ಗಿಡವನ್ನೊಮ್ಮೆ ನೋಡಿದರು. ಆಮೇಲೆ, "ಗಿಡಾ ಕಡಸಿಬಿಡು" ಎಂದರು. "ಹಚ್ಚಂತ ಅಂದಾಂವ ನಾನು. ಹೊತ್ತು ಸಾಕಿದಾಕಿ ನೀನು. ನಿನಗ ಸಾಕಾಗೈತೇನು ಅಂತ ಒಂದ್ ಸಲನೂ ಕೇಳಲಿಲ್ಲ ನಾ."

ಗಿಡವನ್ನು ಕುರಿತೇ ಅವರು ಹೇಳಿದರೋ, ತಮ್ಮನ್ನು ಕುರಿತೋ, ಶೋಭಾ ಕೇಳಲಿಲ್ಲ. ಗೋಡೆ ಹಿಡಿದು ಎದ್ದು ನೆಲ ತೊಳೆದಳು.

ಆ ವಾರವೇ ಇಬ್ಬರು ಕೂಲಿಯಾಳುಗಳು ಕೊಡಲಿ ತಂದು ಗಿಡ ಕಡಿದರು. ಮಲ್ಲಪ್ಪ ಏನೋ ಹೇಳಬೇಕೆಂದು ಬಂದವನು ಅಪ್ಪನ ಮುಖ ನೋಡಿ ಹಾಗೇ ಹೊರಗೆ ಹೋದ. ಕಡಿಯುವಾಗ ತನ್ನನ್ನು ಬಾಗಿಲ ಕಡೆ ಹೊರಳಿಸಿ ಮಲಗಿಸು ಎಂದು ವೀರಭದ್ರಪ್ಪ ಸೊಸೆಯನ್ನು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಟೊಂಗೆಗಳನ್ನು ಟ್ರಾಲಿ ಆಟೋದಲ್ಲಿ ಹೇರಿ ಒಯ್ದರು. ಪ್ಲಂಬರ್ ಹೊಸ ಪೈಪು ಹಾಕಿ ಹೋದ. ತಪ್ಪು ಮಾಡಿದಂತೆ ಅನಿಸುತ್ತದೆಂದು ಶೋಭಾ ಕಾದಳು. ಅಂಥದೇನೂ ಅನಿಸಲಿಲ್ಲ. ಮಾವನಿಗೆ ಊಟ ಮಾಡಿಸಿ, ಕೈಯೊರೆಸಿ, ಅಡುಗೆಮನೆಯ ಹೊಸ್ತಿಲ ಬಳಿ ಬರೀ ನೆಲದ ಮೇಲೆ ಒರಗಿದಳು.

ಎಚ್ಚರವಾದಾಗ ದೀಪ ಹಚ್ಚುವ ಹೊತ್ತು. ಗಾಬರಿಯಾಗಿ ಹಿಂದಿನ ಕೋಣೆಗೆ ಹೋದಳು. ಮಾವನ ಧೋತರ, ಹಾಸಿಗೆ ಎರಡೂ ಒದ್ದೆಯಾಗಿ, ಒದ್ದೆಯಾಗಿ ಬಹಳ ಹೊತ್ತಾಗಿ, ತಣ್ಣಗಾಗಿದ್ದವು. ಅವರು ಕಣ್ಣು ಬಿಟ್ಟುಕೊಂಡೇ ಮಲಗಿದ್ದರು.

"ಯಾಕ ಕರೀಲಿಲ್ಲರಿ?"

"ನೀ ಮಲಗಿದ್ದೆಲ್ಲವ್ವ" ಎಂದರು.

ಅವಳು ನೀರು ಕಾಯಲು ಇಟ್ಟು ಬಂದು, ಒಂದು ಕೈ ಅವರ ಬೆನ್ನಿಗೆ ಕೊಟ್ಟು, ಮೆಲ್ಲಗೆ ಮಗ್ಗಲು ಹೊರಳಿಸಿದಳು.