ಹುಲ್ಲು ಮಲಗಿದ ದಿಕ್ಕು

ಹೊಳಲ್ಕೆರೆ ದಾಟುವಷ್ಟರಲ್ಲಿ ಬಸ್ಸಿನಲ್ಲಿದ್ದವರೆಲ್ಲ ನನ್ನ ಹಲಗೆಗೆ ಒಂದೊಂದು ಹೆಸರು ಇಟ್ಟಾಗಿತ್ತು. ಅದಕ್ಕೆ ಕಂಬಳಿ ಸುತ್ತಿ, ಸುತಳಿ ಬಿಗಿದು, ಡ್ರೈವರ್ ಹಿಂದಿನ ಸೀಟಿಗೆ ಒರಗಿಸಿ ನಿಲ್ಲಿಸಿದ್ದೆ. ಕಂಡಕ್ಟರ್ ಅದನ್ನು ಇಸ್ತ್ರಿ ಮೇಜು ಎಂದ. ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದ ಅಜ್ಜಿಯೊಬ್ಬರು, “ಏನವ್ವಾ, ತೊಟ್ಲ ಹಲಗೇನಾ?” ಎಂದರು.

“ಅಲ್ಲಜ್ಜಿ, ಹಿಮದ ಮೇಲೆ ಜಾರೋ ಹಲಗೆ.”

ಅಜ್ಜಿ ಕಿಟಕಿಯಾಚೆ ನೋಡಿದರು. ಹೊರಗೆ ಕೊಯ್ಲಾದ ರಾಗಿ ಹೊಲ, ತೆಂಗಿನ ಸಾಲು, ಸುಡುವ ಬಿಸಿಲು. “ಹಂಗಾರೆ ತಪ್ ಬಸ್ ಹತ್ತಿದೀಯ ಬಿಡು” ಎಂದು ಎಲೆಗೆ ಸುಣ್ಣ ಹಚ್ಚತೊಡಗಿದರು. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ಹಲ್ಲು ಕಿರಿದೆನಾದರೂ ಒಳಗೊಳಗೇ ಉರಿಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದರಲ್ಲೂ ಆ ದಿನಗಳಲ್ಲಿ ಆ ಹಲಗೆಯ ವಿಷಯದಲ್ಲಿ ಯಾರು ಏನೇ ಅಂದರೂ ತಡೆದುಕೊಳ್ಳಲಾಗುತ್ತಿರಲಿಲ್ಲ.

ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುವವಳು. ವರ್ಷವಿಡೀ ಕುತ್ತಿಗೆಗೆ ಸೀಟಿ ತೂಗುಹಾಕಿಕೊಂಡು ಬಿಸಿಲಿನಲ್ಲಿ ನಿಂತಿರುತ್ತೇನೆ. ಚಳಿಗಾಲದ ರಜೆ ಬಂದರೆ ಮಾತ್ರ ರೈಲು ಹತ್ತಿ ಹಿಮಾಚಲಕ್ಕೆ ಹೋಗಿಬಿಡುತ್ತಿದ್ದೆ. ಪರ್ವತಾರೋಹಣದ ತರಬೇತಿಗೆಂದು ಹೋದವಳು ಅಲ್ಲಿ ಯಾರೋ ಒಂದೇ ಹಲಗೆಗೆ ಎರಡೂ ಕಾಲು ಕಟ್ಟಿಕೊಂಡು ಬೆಳ್ಳಗಿನ ಇಳಿಜಾರಿನಲ್ಲಿ ಅತ್ತ ಇತ್ತ ವಾಲುತ್ತ ಇಳಿದದ್ದು ನೋಡಿ ಕಣ್ಣು ಬಾಯಿ ಬಿಟ್ಟು ನಿಂತಿದ್ದೆ. ಅವತ್ತಿನಿಂದ ಅದೇ ಹುಚ್ಚು. ಎರಡು ಚಳಿಗಾಲದ ಹಿಂದೆ ಅದೇ ಇಳಿಜಾರಿನಲ್ಲಿ ನನ್ನ ಎಡ ಮಂಡಿ ಟಪ್ ಎಂದಿತು. ಆಪರೇಷನ್ ಆಯಿತು. ಈಗ ಓಡಬಹುದು, ಜಿಗಿಯಬಹುದು ಎಂದು ಡಾಕ್ಟರು ಹೇಳಿದ್ದರು. ಓಡುತ್ತಿದ್ದೆ, ಜಿಗಿಯುತ್ತಿದ್ದೆ. ಆದರೆ ಆ ಕಾಲಿನ ಮೇಲೆ ಪೂರ್ತಿ ಭಾರ ಬಿಡುವಾಗಲೆಲ್ಲ ಎದೆ ಧಸಕ್ ಎನ್ನುತ್ತಿತ್ತು.

ಹಲಗೆ ಕಳಿಸಿದ್ದು ಹಿಮಾಚಲದ ಗೆಳೆಯ. ಬೆಟ್ಟದ ಬುಡದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡು ಸ್ನೋಬೋರ್ಡ್ ಮಾಡುತ್ತಾನೆ. ಈ ಸಲ ಮಾಡಿದ್ದು ತುಂಬ ಬಿರುಸಾದದ್ದು. ಗಟ್ಟಿ ಹಿಮ, ಪುಡಿ ಹಿಮ, ಕಡಿದಾದ ಇಳಿಜಾರು, ಎಲ್ಲಕ್ಕೂ ಒಂದೇ ಹಲಗೆ, ಆದರೆ ಚೆನ್ನಾಗಿ ಪಳಗಿದವರಿಗೆ ಮಾತ್ರ. ಕಲಿಯುವವರು ಹತ್ತಿದರೆ ಎತ್ತಿ ಒಗೆಯುತ್ತದೆ. “ಹಿಮ ಇಲ್ಲದಿದ್ದರೂ ಯಾವುದಾದರೂ ಇಳಿಜಾರಿನಲ್ಲಿ ಒಮ್ಮೆ ಹತ್ತಿ ನೋಡು. ನಿನ್ನ ಕಾಲು ಇದನ್ನು ಬಗ್ಗಿಸಿದರೆ ಈ ಸಲ ಬಾ. ಬಗ್ಗದಿದ್ದರೆ ಹೇಳು, ಮೆತ್ತನೆಯದು ತೆಗೆದಿಡ್ತೀನಿ” ಎಂದು ಫೋನಿನಲ್ಲಿ ಹೇಳಿದ. ಮೆತ್ತನೆಯದಂತೆ! ಮೆತ್ತನೆಯ ಹಲಗೆಯ ಮೇಲೆ ಹೊಸಬರ ಜೊತೆ ಕೆಳಗೇ ಸುತ್ತುವುದಕ್ಕೆ ನಾನು ಅಷ್ಟು ದೂರ ಹೋಗಬೇಕೇ? ಇದು ಬಗ್ಗಿದರೆ ಹೋಗುವುದು, ಬಗ್ಗದಿದ್ದರೆ ಹಿಮದ ಆಸೆಯನ್ನೇ ಬಿಡುವುದು ಎಂದು ಅವತ್ತೇ ತೀರ್ಮಾನ ಮಾಡಿಕೊಂಡೆ. ಆಸೆ ಬಿಡುವುದನ್ನು ನೆನೆದರೆ ಅಳು ಬರುತ್ತಿತ್ತು.

ನಮ್ಮೂರು ಶ್ರೀರಾಂಪುರದ ಹತ್ತಿರ, ಒಂದು ಗುಡ್ಡದ ಮಗ್ಗುಲಲ್ಲಿದೆ. ಅಣ್ಣ ಅಲ್ಲೇ ಹೊಲ, ಕುರಿ ನೋಡಿಕೊಂಡಿದ್ದಾನೆ. ಬಸ್ ಇಳಿದು ಹಲಗೆ ಹೊತ್ತು ಅಂಗಳಕ್ಕೆ ಬಂದಾಗ ಅವನು ಕುಂಟುತ್ತಿದ್ದ ಕುರಿಯೊಂದನ್ನು ತೊಡೆಯ ಸಂದಿಯಲ್ಲಿ ಹಿಡಿದು ಕೂತಿದ್ದ. ಅದರ ಮುಂಗಾಲಿನ ಕೀಲನ್ನು ಎರಡೂ ಅಂಗೈಯಲ್ಲಿ ಮುಚ್ಚಿ, ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದ. “ಬಿಸಿ ಐತೆ. ಇವತ್ತು ಮೇಯಾಕೆ ಬ್ಯಾಡ” ಎಂದು ಕುರಿಗೇ ಹೇಳಿ ಅದನ್ನು ರೊಪ್ಪದೊಳಗೆ ಬಿಟ್ಟ. ಕೀಲು ಬಿಸಿಯಿದ್ದರೆ ಒಳಗೆ ನೋವಿದೆ ಎಂದರ್ಥ, ಬಿಸಿ ಇಳಿದ ಮೇಲೆಯೇ ಗುಡ್ಡಕ್ಕೆ. ನಮ್ಮಪ್ಪನೂ ಹೀಗೇ ನೋಡುತ್ತಿದ್ದ. ಆದರೆ ಈ ಅಣ್ಣ ನನ್ನ ಜೊತೆ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಫ್ಯಾನ್ ನೋಡಿದ, ಗ್ಲೂಕೋಸ್ ಬಾಟಲಿ ನೋಡಿದ, ಗೋಡೆಯ ಹಲ್ಲಿ ನೋಡಿದ. ನನ್ನ ಮಂಡಿಯನ್ನು ಮಾತ್ರ ಕಣ್ಣೆತ್ತಿ ನೋಡಲಿಲ್ಲ.

ಕಂಬಳಿ ಬಿಚ್ಚಿದೆ. ಹಲಗೆಯನ್ನು ಅಂಗಳದ ಬಿಸಿಲಿಗೆ ಇಟ್ಟಾಗ ನನಗೇ ಮೈ ಜುಂ ಎಂದಿತು. ಎಷ್ಟು ಸರಳ! ಒಳಗೆ ಮರ, ಬಿದಿರಿನ ಪದರ, ಸುತ್ತ ಉಕ್ಕಿನ ತೆಳ್ಳನೆಯ ಅಂಚು, ತಳದಲ್ಲಿ ಕನ್ನಡಿಯಂಥ ನುಣುಪು. ನೆಲಕ್ಕೆ ಇಟ್ಟರೆ ತಲೆ ಬಾಲ ಎರಡೂ ತಾಗುತ್ತವೆ, ನಡುವೆ ಬೆರಳು ತೂರುವಷ್ಟು ಎದ್ದಿರುತ್ತದೆ. ಅದರ ಮೇಲೆ ನಿಂತು ಆ ಉಬ್ಬನ್ನು ತಗ್ಗಿಸಬೇಕು, ವಾಲಿ ಅಂಚಿನ ಮೇಲೆ ಭಾರ ಬಿಟ್ಟು ಬಿಲ್ಲಿನ ಹಾಗೆ ಬಾಗಿಸಬೇಕು. ಬಾಗಿದರೆ ಮಾತ್ರ ತಿರುಗುತ್ತದೆ. ನಾನು ಹತ್ತಿ ನಿಂತೆ. ಕುಪ್ಪಳಿಸಿದೆ. ಅದು ಅಲ್ಲಾಡಲಿಲ್ಲ.

ಅಣ್ಣ ಬಂದು ಒಂದು ತುದಿ ಮೆಟ್ಟಿ, ಇನ್ನೊಂದು ತುದಿ ಎರಡೂ ಕೈಲಿ ಎಳೆದ. ಮುಖ ಕೆಂಪಾಯಿತೇ ಹೊರತು ಬೇರೇನೂ ಆಗಲಿಲ್ಲ. “ಇದು ಬಗ್ಗಾಕಿಲ್ಲ ಬಿಡು. ಎಲ್ಲಾ ನಿನ್ ತರಾನೇ ಐತೆ” ಎಂದ.

“ಬಗ್ಗಿಸ್ತೀನಿ ನೋಡ್ತಿರು” ಎಂದೆ. ಅವನು ನಗಲಿಲ್ಲ.

ಹಿಮ ಇಲ್ಲದ ಕಡೆ ಎಲ್ಲಿ ಜಾರುವುದು? ಅದಕ್ಕೆ ನನ್ನ ಬಳಿ ಉತ್ತರವಿತ್ತು. ಕಾರ್ತಿಕ ಕಳೆದ ಮೇಲೆ ನಮ್ಮ ಗುಡ್ಡದ ಬಾದೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಆಗ ಅದರ ಮೇಲೆ ಚಪ್ಪಲಿ ನಿಲ್ಲುವುದಿಲ್ಲ. ಚಿಕ್ಕವರಿದ್ದಾಗ ನಾನೂ ಅಣ್ಣನೂ ಗೋಣಿಚೀಲದ ಮೇಲೆ ಕೂತು ಜಾರಿ ಲಂಗ, ಚಡ್ಡಿ ಎಲ್ಲ ಹರಿದುಕೊಂಡು ಒದೆ ತಿಂದವರೇ. ನಿಂತ ಹುಲ್ಲು ಆಗುವುದಿಲ್ಲ, ಅದು ನೆಲಕ್ಕೆ ಮಲಗಬೇಕು. ಮಲಗಿಸಲು ಕುರಿಮಂದೆಗಿಂತ ಒಳ್ಳೆಯ ಯಂತ್ರ ಇನ್ನಾವುದಿದೆ? “ಅಣ್ಣಾ, ನಾಳೆ ನಾಡಿದ್ದು ಆ ಕಲ್ಲಿಲ್ಲದ ಮಗ್ಗುಲಲ್ಲಿ ಮಂದೆ ಓಡಾಡಿಸು. ಮೇಲಿಂದ ಕೆಳಕ್ಕೆ ಇಳಿಸು, ಮರೀಬೇಡ” ಎಂದೆ. “ಹ್ಞೂಂ” ಎಂದ.

ನಾನು ಆ ಎರಡು ದಿನ ಬೆಳಿಗ್ಗೆ ಮಂದೆ ಬರುವ ಮೊದಲೇ ಇಳಿಜಾರಿನ ತುದಿಯಿಂದ ಬುಡದವರೆಗೆ ಸಣ್ಣಪುಟ್ಟ ಕಲ್ಲು ಹೆಕ್ಕಿದೆ, ಕಾರೆ ಮುಳ್ಳಿನ ಬೊಡ್ಡೆ ಕಡಿದೆ, ಆಮೇಲೆ ಮನೆಯಲ್ಲಿ ಕೂತು ಹಲಗೆಯ ತಳಕ್ಕೆ ಮೇಣ ತಿಕ್ಕಿದೆ. ಮೂರನೆಯ ಬೆಳಿಗ್ಗೆ ಹಲಗೆ ಹೊತ್ತು ಮೇಲೆ ಹೋದೆ. ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ಗೂಂ ಗೂಂ ಎಂದು ತಿರುಗುತ್ತಿದ್ದವು. ಹುಲ್ಲು ಚಾಪೆ ಹಾಸಿದಂತೆ ಮಲಗಿತ್ತು. ಬೂಟು ಬಿಗಿದೆ, ಕಾಲು ಕಟ್ಟಿದೆ, ಉಸಿರು ಬಿಗಿಹಿಡಿದು ಹಲಗೆಯ ಮೂತಿಯನ್ನು ಕೆಳಕ್ಕೆ ತಿರುಗಿಸಿದೆ.

ಸ್ವಲ್ಪ ದೂರ ಎಳೆದುಕೊಂಡು ಹೋಯಿತು. ಜಾರಲಿಲ್ಲ, ತೆವಳಿತು. ತಿರುಗಿಸಲು ಭಾರ ಹಾಕಿದೆ. ಅದು ಮರದ ತೊಲೆಯಂತೆ ನೇರವಾಗಿಯೇ ಇತ್ತು. ಇನ್ನಷ್ಟು ಒತ್ತಿದೆ. ಅಂಚು ಹುಲ್ಲಿಗೆ ಸಿಕ್ಕಿ ಹಲಗೆ ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ಮುಖ ಅಡಿಯಾಗಿ ಬಿದ್ದೆ. ಮೊದಲು ಮಂಡಿ ಮುಟ್ಟಿ ನೋಡಿಕೊಂಡೆ. ಏನೂ ಆಗಿರಲಿಲ್ಲ. ಆದರೂ ಮುಗಿಯಿತು ಅನ್ನಿಸಿತು. ಕಾಲಲ್ಲಿ ಕಸುವಿಲ್ಲ, ನನ್ನ ಹಿಮದ ಕಾಲ ಮುಗಿಯಿತು. ಹುಲ್ಲಿನ ಮೇಲೆ ಹಾಗೇ ಬಿದ್ದುಕೊಂಡು ಮಗುವಿನ ಹಾಗೆ ಅತ್ತೆ.

ಅಳುತ್ತಾ ಹುಲ್ಲನ್ನು ಸವರುತ್ತಿದ್ದ ಅಂಗೈಗೆ ಚುರುಚುರು ಎಂದಿತು. ಕೆಳಮುಖವಾಗಿ ಸವರಿದರೆ ಚುಚ್ಚುತ್ತಿತ್ತು. ಮೇಲಕ್ಕೆ ಸವರಿದರೆ ನುಣ್ಣಗೆ. ಎದ್ದು ಕೂತು ಸುತ್ತ ನೋಡಿದೆ. ಇಡೀ ಮಗ್ಗುಲಿನ ಹುಲ್ಲು ತಲೆಯನ್ನು ಗುಡ್ಡದ ನೆತ್ತಿಯ ಕಡೆ ಹಾಕಿ ಮಲಗಿತ್ತು. ಮಂದೆ ಇಲ್ಲಿ ಇಳಿದೇ ಇರಲಿಲ್ಲ, ಬರೀ ಹತ್ತಿತ್ತು.

ಪಿತ್ತ ನೆತ್ತಿಗೇರಿತು. ಅಣ್ಣ ಕೆಳಗಿನ ಜಾಲಿಮರದ ನೆರಳಲ್ಲಿ ಮಂದೆ ಕಾಯುತ್ತಿದ್ದ. ಅಲ್ಲಿಗೇ ಹೋಗಿ ಉರಿದುಬಿದ್ದೆ.

“ಕೆಳಕ್ಕೆ ಇಳಿಸು ಅಂದಿದ್ದೆ ತಾನೇ? ನಿಂಗೆ ಕಿವಿ ಇಲ್ವಾ?”

“ಐತೆ.”

“ಮತ್ತೆ? ಮರೆತೆಯಾ?”

“ಮರೀಲಿಲ್ಲ. ಇಲ್ಲಿ ಹತ್ಸಿ ಆ ಮಗ್ಗುಲಿಂದ ಇಳಿಸ್ದೆ. ಬೇಕಂತಾನೇ.” ಅವನು ನನ್ನ ಮುಖ ನೋಡದೆ ಕೋಲಿನ ತುದಿ ನೋಡುತ್ತಿದ್ದ. “ನಿಂಗ್ ಬ್ಯಾಡ ಅಂದ್ರೆ ಕೇಳ್ತೀಯಾ? ಕೇಳಾಕಿಲ್ಲ. ಅದಕ್ಕೇ ಹುಲ್ಲಿಗ್ ಹೇಳ್ದೆ. ಎದುರು ಹುಲ್ಲಾದ್ರೆ ಮೆಲ್ಲಕ್ ಹೋಗ್ತಾಳೆ, ಬಿದ್ರೂ ಪೆಟ್ಟಾಗಾಕಿಲ್ಲ ಅಂತ.”

ಅವನೇ ಮುಂದುವರಿಸಿದ. “ಆಪರೇಷನ್ ಆದ ದಿನ ನೀನು ಮತ್ತಿನಾಗಿದ್ದೆ. ಅರಚಿದ್ದು ನಿಂಗ್ ಗೊತ್ತಿಲ್ಲ. ನಂಗ್ ಈಗ್ಲೂ ಕೇಳ್ತೈತೆ.”

ಇದನ್ನು ಅವನು ಈ ಎರಡು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಕೋಪ ಎಲ್ಲಿ ಹೋಯಿತೋ. ಪಕ್ಕದಲ್ಲಿ ಕೂತೆ. “ಅಣ್ಣಾ, ಈ ಹಲಗೆ ಬೇರೆ ತರ. ನಿಧಾನ ಹೋದರೆ ಇದು ಮಾತೇ ಕೇಳಲ್ಲ. ವೇಗ ಬಂದರೇನೇ ಬಗ್ಗೋದು, ಬಗ್ಗಿದರೇನೇ ಕೈಗೆ ಸಿಗೋದು. ಮೆಲ್ಲಗೆ ಹೋದೆ ಅಂತಲೇ ನಾನು ಬಿದ್ದಿದ್ದು” ಎಂದೆ. “ಒಂದೇ ಒಂದು ಸಲ ಸರಿಯಾಗಿ ಬಿಟ್ಟು ನೋಡ್ತೀನಿ. ಆಮೇಲೂ ಆಗಲಿಲ್ಲ ಅಂದ್ರೆ ಇದನ್ನ ಅಟ್ಟದ ಮೇಲೆ ಹಾಕಿಬಿಡು, ಮತ್ತೆ ಕೇಳಲ್ಲ.”

ಅವನು ಎದ್ದು ಮಂದೆ ಹೊಡೆದುಕೊಂಡು ಗುಡ್ಡದ ಆಚೆ ಮಗ್ಗುಲಿಗೆ ಹೋಗಿಬಿಟ್ಟ. ನಾನು ಬುತ್ತಿ ಬಿಚ್ಚಿದೆ. ಅರ್ಧ ರೊಟ್ಟಿ ತಿಂದು ಮತ್ತೆ ಕಟ್ಟಿಟ್ಟೆ.

ಹೊತ್ತು ಇಳಿಮುಖವಾದ ಮೇಲೆ ನೆತ್ತಿಯಿಂದ ಅವನ ಕೂಗು ಕೇಳಿಸಿತು. “ಹೊಯ್, ಹೊಯ್, ಹ್ಯಾ!” ತಲೆ ಎತ್ತಿದೆ. ಗಾಳಿಯಂತ್ರದ ಕಂಬಗಳ ನಡುವಿನಿಂದ ಕುರಿಗಳು ಇಳಿಯತೊಡಗಿದ್ದವು. ಮೊದಲು ನಾಲ್ಕಾರು, ಆಮೇಲೆ ಒಟ್ಟೊಟ್ಟಿಗೆ, ಆಮೇಲೆ ಆ ಮಗ್ಗುಲೇ ಕಾಣದಷ್ಟು. ಸಾವಿರಾರು ಗೊರಸಿನ ಸದ್ದು, ಧೂಳು, ಬ್ಯಾ ಎನ್ನುವ ಕೂಗು. ಅವು ದಾಟಿ ಹೋದ ಕಡೆಯಲ್ಲೆಲ್ಲ ಹುಲ್ಲಿನ ಬಣ್ಣ ಬದಲಾಗುತ್ತಿತ್ತು! ಮಂಕಾಗಿದ್ದದ್ದು ಹೊರಳಿ ಇಳಿಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಗುಡ್ಡ ಅದು. ಆದರೂ ನಾನು ಅದನ್ನು ನೋಡುತ್ತಿರುವುದು ಅದೇ ಮೊದಲು ಅನ್ನಿಸಿತು. ಅಣ್ಣ ಮಂದೆಯನ್ನು ಮತ್ತೆ ಬಳಸಿ ಹತ್ತಿಸಿ ಮತ್ತೆ ಇಳಿಸಿದ, ಇನ್ನೊಮ್ಮೆಯೂ ಇಳಿಸಿದ. ಆಮೇಲೆ ಕುರಿಗಳನ್ನು ಪಕ್ಕಕ್ಕೆ ಸರಿಸಿ ನನ್ನತ್ತ ಕೋಲು ಎತ್ತಿ ತೋರಿಸಿದ.

ಹಲಗೆ ಹೊತ್ತು ಹತ್ತಿದೆ. ಅವನ ಪಕ್ಕದಲ್ಲೇ ಕಾಲು ಕಟ್ಟಿಕೊಂಡೆ. ಅವನು ತನ್ನ ಹೆಗಲ ಮೇಲಿನ ಕಂಬಳಿಯ ಅಂಚನ್ನು ಹಿಂಡುತ್ತಿದ್ದ. ದೇವರೇ ಎಂದು ಮೂತಿ ತಿರುಗಿಸಿದೆ.

ಅಬ್ಬಾ! ಹುಲ್ಲು ಸರ್ರನೆ ಕಾಲಡಿಯಿಂದ ಹಿಂದಕ್ಕೆ ಹೋಯಿತು. ಗಾಳಿ ಕಿವಿಯಲ್ಲಿ ಭೋರ್ಗುಟ್ಟಿತು. ಬೆಳಿಗ್ಗೆ ತೊಲೆಯಾಗಿದ್ದದ್ದು ಈಗ ನಡುಗದೆ, ಕುಣಿಯದೆ ಒಂದೇ ಸಮನೆ ಹರಿಯುತ್ತಿತ್ತು. ಮೊದಲ ತಿರುವು ಬಲಕಾಲಿನ ಧೈರ್ಯದ ಮೇಲೆ ಹೇಗೋ ಆಯಿತು. ಎರಡನೆಯದಕ್ಕೆ ಎಡ ಮಂಡಿಯೇ ಭಾರ ಹೊರಬೇಕು. ಬೇಡ, ಬಿದ್ದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಹಾಳಾಗಿ ಹೋಗಲಿ ಎಂದು ಪೂರ್ತಿ ಭಾರ ಬಿಟ್ಟೆ.

ಹಲಗೆ ಬಗ್ಗಿತು. ಅಂಗಾಲಿನಲ್ಲಿ ನನಗೆ ತಿಳಿಯಿತು, ತುದಿಯಿಂದ ತುದಿಗೆ ನಿಧಾನವಾಗಿ ಬಾಗಿ, ಹುಲ್ಲನ್ನು ಕಚ್ಚಿ, ದೊಡ್ಡ ಸುತ್ತಿನಲ್ಲಿ ನನ್ನನ್ನು ಎತ್ತಿಕೊಂಡು ತಿರುಗಿತು. ತಿರುವು ಮುಗಿಯುವಾಗ ನೆಟ್ಟಗಾಗುತ್ತ ಯಾರೋ ಕೈಹಿಡಿದು ಎಳೆದಂತೆ ಮುಂದಕ್ಕೆ ಎಸೆಯಿತು. ಮಂಡಿ ನೋಯಲಿಲ್ಲ. ಕೇಕೆ ಹಾಕಿದೆ. ಮತ್ತೊಂದು ತಿರುವು, ಇನ್ನೊಂದು, ಆಮೇಲೆ ಗುಡ್ಡವೇ ಮುಗಿದುಹೋಯಿತು. ಬುಡದ ಮಟ್ಟ ನೆಲದಲ್ಲಿ ಹಲಗೆ ನಿಂತಾಗ ತಲೆಯೆತ್ತಿ ನೋಡಿದೆ. ಹೊಳೆಯುವ ಹುಲ್ಲಿನ ಮೇಲೆ ನನ್ನ ಗೆರೆ ಉದ್ದಕ್ಕೂ ಅಂಕುಡೊಂಕಾಗಿ ಇಳಿದಿತ್ತು. ನಾನೇ ಎಳೆದದ್ದು ಎಂದು ನಂಬಲಾಗದೆ ನೋಡುತ್ತಾ ಕೂತೆ.

ಅಣ್ಣ ಮಂದೆಯನ್ನು ಅಲ್ಲೇ ಬಿಟ್ಟು ಜಾರುತ್ತ ಏಳುತ್ತ ಓಡಿ ಬಂದ. ಮೈಯೆಲ್ಲ ಹುಲ್ಲು, ಉಬ್ಬಸ. “ಬಗ್ತಾ?” ಎಂದ.

“ಬಗ್ತು.”

ಅವನು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತ. “ಪ್ಯಾಂಟು ಮ್ಯಾಲಕ್ಕೆತ್ತು” ಎಂದ. ಎತ್ತಿದೆ. ಹೊಲಿಗೆಯ ಉದ್ದನೆಯ ಗುರುತನ್ನು ಅವನು ಮೊದಲ ಸಲ ನೋಡಿದ. ಆಮೇಲೆ ಎರಡೂ ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ನನ್ನ ಮಂಡಿಯನ್ನು ಮುಚ್ಚಿ ಹಿಡಿದು ಕಣ್ಣು ಮುಚ್ಚಿದ. ಮೇಲೆ ಕುರಿಗಳು ಕೂಗುತ್ತಿದ್ದವು. ಡಾಕ್ಟರ ಮಾತಿಗಾಗಿಯೂ ನಾನು ಇಷ್ಟು ಹೆದರಿ ಕಾದಿರಲಿಲ್ಲ.

“ಬಿಸಿ ಇಲ್ಲ” ಎಂದ. “ಹೋಗ್ ಬಾ.”

ಕೈಯನ್ನು ಮಾತ್ರ ಇನ್ನೂ ಸ್ವಲ್ಪ ಹೊತ್ತು ತೆಗೆಯಲಿಲ್ಲ.