ಸಿದ್ದಾಪುರದ ಲೈನಿನಲ್ಲಿ ನಾನು ಆಡಿದ ಮಾತು

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ ಶನಿವಾರಸಂತೆಯಿಂದ ಹೊರಟೆ. ಹಿಂದಿನ ದಿನದ ಸಂತೆಯ ಕಸ ಇನ್ನೂ ರಸ್ತೆಯಲ್ಲೇ ಇತ್ತು. ಸೋಮವಾರಪೇಟೆಗೆ ಖಾಸಗಿ ಬಸ್ಸು, ಮೂವತ್ತೈದು ರೂಪಾಯಿ. ಹೋಗಬೇಕಿದ್ದದ್ದು ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನ ಲೈನಿಗೆ, ಎಂದರೆ ಕೂಲಿಕಾರರ ಸಾಲುಮನೆಗಳಿಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ಆಪ್ತಸಮಾಲೋಚನೆಯ ಸಣ್ಣದೊಂದು ಕೋರ್ಸು ಮುಗಿಸಿ, ಕರೆದಲ್ಲಿಗೆ ಹೋಗಿ ಮನಸ್ಸಿನ ನೆಮ್ಮದಿಯ ಬಗ್ಗೆ ಭಾಷಣ ಮಾಡುತ್ತೇನೆ. ಕರೆಯದಿದ್ದರೂ ಹೋಗುತ್ತೇನೆಂದು ನನ್ನ ಗಂಡ ಕೆಣಕುವುದುಂಟು.

ಅಲ್ಲಿ ಬಸ್ಸು ಬದಲಿಸಿ ಕುಶಾಲನಗರ ತಲುಪಿದಾಗ ಹನ್ನೊಂದು ಗಂಟೆ. ಬಸ್ ನಿಲ್ದಾಣದ ಎದುರು ಎರಡು ಇಡ್ಲಿ, ಒಂದು ವಡೆ ತಿಂದೆ. ಸಾಂಬಾರು ಸಿಹಿಯಾಗಿತ್ತು. ಸಿದ್ದಾಪುರಕ್ಕೆ ಸರ್ಕಾರಿ ಬಸ್ಸು ಸಿಕ್ಕಿತು. ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರು ಹೆಂಗಸರ ಉಚಿತ ಟಿಕೆಟ್ ಹರಿದುಕೊಟ್ಟರು.

ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಮೂವತ್ತೈದು ವರ್ಷವಿದ್ದೀತು. ಹೆಸರು ರತ್ನ. ಕೈಯಲ್ಲಿ ಚೀಲವಿಲ್ಲ, ಸಾಮಾನಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ.

"ಎಲ್ಲಿಗೂ ಇಲ್ಲ ಅಕ್ಕಾ," ಎಂದು ನಕ್ಕಳು. "ಪ್ರತಿ ಭಾನುವಾರ ಬಸ್ ಹತ್ತೋದು, ಕುಶಾಲನಗರದಲ್ಲಿ ಇಳಿದು ಒಂದು ಟೀ ಕುಡಿಯೋದು, ವಾಪಸ್ ಬರೋದು. ಲೈನ್‌ಮನೇಲಿ ಎರಡು ರೂಮು, ಏಳು ಜನ. ಒಬ್ಬರ ಮೊಬೈಲ್ ನಿಂತ್ರೆ ಇನ್ನೊಬ್ಬರದು ಶುರು. ಬಸ್ಸಲ್ಲಿ ಯಾರೂ ನನ್ನ ಕರೆಯೋದಿಲ್ಲ ನೋಡಿ."

"ಮನೇಲಿ ಏನಂತಾರೆ?"

"ಮಂಡಿ ನೋವು, ನಾಟಿ ವೈದ್ಯರ ಹತ್ರ ಎಣ್ಣೆ ತಿಕ್ಕಿಸ್ಕೊಂಡು ಬರ್ತೀನಿ ಅಂತ ಹೇಳಿದೀನಿ. ನಿಮ್ಮತ್ರ ಮಾತ್ರ ಹೇಳ್ತಿರೋದು ಅಕ್ಕಾ. ಇವತ್ತು ಬೇಗ ವಾಪಸ್. ನಾಲ್ಕು ಗಂಟೆಗೆ ಲೈನಲ್ಲಿ ಏನೋ ಭಾಷಣ ಅಂತೆ, ಎಲ್ಲರೂ ಬರ್ಲೇಬೇಕಂತ ನಮ್ಮ ಹಾಜರಿ ಬರೆಯೋ ರೈಟರ್ ಹೇಳಿದಾರೆ."

ಆ ಭಾಷಣ ನನ್ನದೇ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ವೇದಿಕೆಯ ಮೇಲೆ ನನ್ನನ್ನು ಕಂಡು ಅವಳು ಬೆರಗಾಗಲಿ ಎಂಬ ಚಪಲ. ನೆಲ್ಲಿಹುದಿಕೇರಿಯ ಸೇತುವೆ ದಾಟುವವರೆಗೂ ಅವಳು ಕಿಟಕಿಯಾಚೆ ನೋಡುತ್ತ ಕೂತಳು. ನಾನು ಅವಳ ಕಥೆಯನ್ನು ನನ್ನ ಭಾಷಣದಲ್ಲಿ ಎಲ್ಲಿ ಸೇರಿಸಲಿ ಎಂದು ಲೆಕ್ಕ ಹಾಕುತ್ತಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅದೇ.

ಸಿದ್ದಾಪುರದಲ್ಲಿ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಊಟ ಮುಗಿಸಿ, ಮೂರೂವರೆಗೆ ಎಸ್ಟೇಟಿನ ಜೀಪಿನಲ್ಲಿ ಲೈನಿಗೆ ಹೋದೆ. ಕಾಫಿ ಕೊಯ್ಲಿನ ಕಾಲ, ಕಣದಲ್ಲಿ ಹಣ್ಣು ಹರಡಿತ್ತು. ಅದರ ಪಕ್ಕದ ಬಯಲಿನಲ್ಲಿ ಅರವತ್ತು ಜನ ಕೂತಿದ್ದರು. ಎರಡನೇ ಸಾಲಿನಲ್ಲಿದ್ದ ರತ್ನ ನನ್ನನ್ನು ಕಂಡು ಬಾಯಿ ಮೇಲೆ ಕೈಯಿಟ್ಟು ನಕ್ಕಳು. ಪಕ್ಕದಲ್ಲಿ ಅವಳ ಅತ್ತೆ, ಮುಂದೆ ಇಬ್ಬರು ಮಕ್ಕಳು.

ಅರ್ಧ ಗಂಟೆ ಉಸಿರಾಟ, ನಿದ್ದೆ, ಮೊಬೈಲು ಎಂದೆಲ್ಲ ಹೇಳಿದೆ. ಜನ ಆಕಳಿಸತೊಡಗಿದರು. ಆಗ ನಾನು, ಹೆಸರು ಹೇಳದಿದ್ದರಾಯಿತು ಎಂದುಕೊಂಡು, "ಬಸ್ಸಿನಲ್ಲಿ ಒಬ್ಬ ತಂಗಿ ಸಿಕ್ಕಿದ್ದಳು," ಎಂದು ಶುರುಮಾಡಿದೆ. ಭಾನುವಾರ, ಕುಶಾಲನಗರ, ಮಂಡಿ ನೋವು ಎಲ್ಲವೂ ಬಂತು. "ಇಂಥ ಒಂಟಿ ಹೊತ್ತು ಎಲ್ಲರಿಗೂ ಬೇಕು," ಎಂದು ಮುಗಿಸಿದಾಗ ಅಷ್ಟೂ ತಲೆಗಳು ಎರಡನೇ ಸಾಲಿನತ್ತ ತಿರುಗಿದ್ದವು. ಒಬ್ಬರ ಮನೆಯಲ್ಲಿ ಕೆಮ್ಮಿದರೆ ಮೂರನೇ ಮನೆಯವರು ಕಷಾಯ ಕಳಿಸುವ ಜಾಗದಲ್ಲಿ ಹೆಸರು ಯಾರಿಗೆ ಬೇಕು?

"ಓಹೋ, ಮಂಡಿ ನೋವು ಅಂದ್ರೆ ಇದಾ?" ಎಂದರು ಅತ್ತೆ. ಬಯಲಿಗೆ ಬಯಲೇ ನಕ್ಕಿತು. ರತ್ನ ತಲೆಯೆತ್ತಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನು.

ರೈಟರಿಗೆ ಮಾತ್ರ ಬಹಳ ಖುಷಿ. "ಆ ಬಸ್ಸಿನ ಕಥೆ ಸೂಪರ್ ಮೇಡಂ. ಮುಂದಿನ ಭಾನುವಾರ ಪಕ್ಕದ ಎಸ್ಟೇಟಲ್ಲೂ ಹೇಳ್ಬೇಕು," ಎಂದರು. ಬಂದ ಚಹಾ ಹಾಗೇ ಬಿಟ್ಟು ಎದ್ದೆ.

ರತ್ನ ನಲ್ಲಿಯ ಹತ್ತಿರ ಕೊಡ ತುಂಬುತ್ತಿದ್ದಳು. ಹೋಗಿ, "ತಪ್ಪಾಯಿತು ತಂಗಿ. ಮನೇಲಿ ಬೈದರಾ?" ಎಂದೆ.

"ಬೈದಿದ್ರೆ ಪರವಾಗಿರ್ಲಿಲ್ಲ ಮೇಡಂ," ಎಂದಳು. ಬಸ್ಸಿನಲ್ಲಿ ಅಕ್ಕಾ ಎಂದಿದ್ದಳು. "ಪಾಪ, ಒಬ್ಬಳೇ ಯಾಕೆ ಹೋಗ್ಬೇಕು ಅಂತ ಅತ್ತೆ ಮುಂದಿನ ವಾರದಿಂದ ಜೊತೆಗೆ ಬರ್ತಾರಂತೆ. ಮಕ್ಕಳೂ ಕುಣೀತಿದಾವೆ. ಪ್ರೀತಿಯಿಂದಾನೇ ಬರ್ತಿದಾರೆ, ಬೇಡ ಅಂತ ಹೆಂಗೆ ಹೇಳ್ಲಿ?"

ನೆಮ್ಮದಿ ಎಂದರೇನೆಂದು ಅರವತ್ತು ಜನರಿಗೆ ಹೇಳಲು ಹೋದವಳು, ಅದನ್ನು ತಾನಾಗಿ ಕಂಡುಕೊಂಡಿದ್ದ ಒಬ್ಬಳ ಕೈಯಿಂದ ಕಿತ್ತುಕೊಂಡಿದ್ದೆ. ಜೀಪು ಹಾರ್ನ್ ಹಾಕಿತು. ನಾನು ತಿರುಗುವಷ್ಟರಲ್ಲಿ ರತ್ನ ಕರೆದಳು.

"ಮೇಡಂ, ಪಕ್ಕದ ಎಸ್ಟೇಟಲ್ಲಿ ಈ ಕಥೆ ಹೇಳ್ಬೇಡಿ. ಅಲ್ಲಿಂದಾನೂ ನನ್ ಥರಾನೇ ಬರೋವ್ರು ಇಬ್ರಿದಾರೆ. ಒಂದೇ ಬಸ್ಸಲ್ಲಿ ಹೋಗ್ತೀವಿ, ಒಬ್ಬರನ್ನೊಬ್ಬರು ಮಾತಾಡಿಸೋದಿಲ್ಲ."