ಹುಣಸೆಹಣ್ಣು ಹಾಕಿ ತಿಕ್ಕಿದ ಬಿಲ್ಲೆ

ಇದನ್ನು ಹೇಳಿಬಿಡಬೇಕೆಂದುಕೊಂಡು ನಾಲ್ಕು ವರ್ಷ ಮುಂದೂಡಿದ್ದೇನೆ. ಅಂದು ಶಿವನಿ ಎಂಬ ಊರಿನಲ್ಲಿ, ನನಗಿಂತ ಹಿರಿಯಾಕೆಯೊಬ್ಬರು ನಾನು ಹಿಂದಿರುಗಿಸಿದ ಹಿತ್ತಾಳೆ ಬಿಲ್ಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಎರಡನೇ ಮಹಾಯುದ್ಧದ ಕಾಲದಲ್ಲಿ ನಾಣ್ಯಗಳು ಸಿಗದಿದ್ದಾಗ, ತರೀಕೆರೆಯಲ್ಲಿ ಹೋಟೆಲ್ ನಡೆಸುತ್ತಿದ್ದ ಅವರ ತಂದೆ ಚಿಲ್ಲರೆಯ ಬದಲು ಕೊಡುತ್ತಿದ್ದ ಬಿಲ್ಲೆ ಅದು. ಯಾರೂ ನಕಲು ಮಾಡದಿರಲೆಂದು ಒಂದೊಂದಕ್ಕೂ ಕಪ್ಪು ಬಣ್ಣದಲ್ಲಿ ರುಜು ಹಾಕಿದ್ದರಂತೆ. ತಂದೆಯ ಕೈಬರಹವೆಂದು ಮಗಳ ಬಳಿ ಉಳಿದಿದ್ದು ಅದೊಂದೇ. ಇಂಥ ಬಿಲ್ಲೆಗಳನ್ನು ಸಂಗ್ರಹಿಸುವ ನಾನು ಕಡೂರಿನ ಪ್ರದರ್ಶನಕ್ಕೆಂದು ಕೇಳಿ ತಂದು, ಹೊಳೆಯಲಿ ಎಂದು ಹುಣಸೆಹಣ್ಣು ಹಾಕಿ ತಿಕ್ಕಿದ್ದೆ. ರುಜು ಅಳಿಸಿಹೋಗಿತ್ತು.

“ಅಪ್ಪಯ್ಯನ ಅಕ್ಸರ ಕಾಣ್ತಾನೇ ಇಲ್ವಲ್ಲಪ್ಪಾ. ನನ್ ಕಣ್ಣೇ ಹೋದ್ವೇನೋ?”

“ಹ್ಞೂಂ ಕಣಕ್ಕಾ, ವಯಸ್ಸಾಯ್ತಲ್ಲ. ಬರ್ದಿದ್ದು ಇದ್ದಂಗೇ ಐತೆ” ಎಂದುಬಿಟ್ಟೆ.

ಅವರು ನಕ್ಕರು. “ಕಣ್ ಹೋದ್ರೆ ಹೋಗ್ಲಿ ಬಿಡು, ಅದು ಐತಲ್ಲ, ಸಾಕು” ಎಂದು ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಆಮೇಲೆ ಎಷ್ಟೋ ಸಲ ರೈಲು ಶಿವನಿಯಲ್ಲಿ ನಿಂತರೂ ನಾನು ಇಳಿಯಲಿಲ್ಲ. ಈಗ ಅವರಿಲ್ಲ. ನಾನು ಕ್ಷಮೆ ಕೇಳದೇ ಹೋದ ಆ ತಾಯಿಯ ಹೆಸರು ಗಂಗಮ್ಮ.